‘ಪಬ್ಲಿಕ್’ ಎಂಬ ಗುಟ್ಟಿನ ಪದ

ಯಾವ ಪೋರ್ಟಿನಲ್ಲಿ ಎಷ್ಟು ಡೇಟಾ ಹರಿಯುತ್ತಿದೆ, ಯಾವ ಲಿಂಕ್ ಬಿದ್ದಿದೆ ಎಂದು ಸ್ವಿಚ್ಚನ್ನು ದೂರದಿಂದಲೇ ವಿಚಾರಿಸಲು ಇರುವ ಪದ್ಧತಿ ಎಸ್‌ಎನ್‌ಎಂಪಿ. ಉಪಯುಕ್ತವಾದದ್ದು, ಹಾಗಾಗಿಯೇ ಇಷ್ಟು ವರ್ಷ ಬಾಳಿದೆ. ಆದರೆ ವಿಚಾರಿಸುವವರು ಯಾರು ಎಂದು ತಿಳಿಯುವ ಹೊಣೆಯನ್ನು 1990ರ ಆರ್‌ಎಫ್‌ಸಿ 1157 ಒಂದೇ ಪದಕ್ಕೆ ವಹಿಸಿತು. ಅದೇ ಕಮ್ಯುನಿಟಿ ಸ್ಟ್ರಿಂಗ್. ಪ್ಯಾಕೆಟ್ಟಿನಲ್ಲಿ ಅದು ಬಟಾಬಯಲಾಗಿ ಹೋಗುತ್ತದೆ. ವಿ2ಸಿ ಆವೃತ್ತಿಯಲ್ಲೂ ಇದೇ ಕಥೆ.

ಓದಲು ‘ಪಬ್ಲಿಕ್’, ಬರೆಯಲು ‘ಪ್ರೈವೇಟ್’ ಎಂಬ ಪದಗಳು ಎಷ್ಟೋ ಉಪಕರಣಗಳಲ್ಲಿ ತಯಾರಿಕೆಯಿಂದಲೇ ಬರುತ್ತಿದ್ದವು. ಅವನ್ನು ಬದಲಿಸದೆ ಬಿಡುವುದನ್ನು ನಾನು ಸಣ್ಣ ಮರೆವು ಎಂದು ಒಪ್ಪಲಾರೆ. ಬರೆಯುವ ಅನುಮತಿ ಸಿಕ್ಕವರು ಪೋರ್ಟ್ ಮುಚ್ಚಬಹುದು. ಸಿಸ್ಕೊ ಉಪಕರಣಗಳಲ್ಲಾದರೆ ಇಡೀ ಕಾನ್ಫಿಗರೇಶನ್ ಅನ್ನೇ ತಮ್ಮ ಟಿಎಫ್‌ಟಿಪಿ ಸರ್ವರಿಗೆ ಎಳೆದುಕೊಳ್ಳಬಹುದು. ರಷ್ಯಾದ ಎಪಿಟಿ28 ಹ್ಯಾಕರ್ ಗುಂಪು 2021ರಲ್ಲಿ ಸಿಸ್ಕೊ ರೂಟರುಗಳಿಗೆ ಎಸ್‌ಎನ್‌ಎಂಪಿ ದಾರಿಯಿಂದಲೇ ನುಗ್ಗಿತ್ತೆಂದು ಬ್ರಿಟನ್ ಮತ್ತು ಅಮೆರಿಕದ ಸಂಸ್ಥೆಗಳು 2023ರ ಏಪ್ರಿಲ್‌ನಲ್ಲಿ ಎಚ್ಚರಿಸಿದವು.

‘ಎಸಿಎಲ್ ಹಾಕಿದ್ದೇವಲ್ಲ’, ಅಂದರೆ ಯಾವ ವಿಳಾಸಗಳಿಂದ ವಿಚಾರಿಸಬಹುದೆಂಬ ಪಟ್ಟಿ ಇದೆಯಲ್ಲ, ಎನ್ನುವವರಿದ್ದಾರೆ. ಹಾಕಲೇಬೇಕು. ಆದರೆ ಎಸ್‌ಎನ್‌ಎಂಪಿ ಸಾಮಾನ್ಯವಾಗಿ ಸಾಗುವುದು ಮೊದಲು ಸಂಪರ್ಕ ಖಚಿತಪಡಿಸಿಕೊಳ್ಳದ ಯುಡಿಪಿಯ ಮೇಲೆ. ಕಳುಹಿಸಿದವರ ವಿಳಾಸವನ್ನು ನಕಲಿ ಮಾಡಬಹುದು. ಬರೆಯುವ ಆಜ್ಞೆಗೆ ಉತ್ತರ ಕೈಸೇರದಿದ್ದರೂ ಕೆಲಸ ನಡೆದುಹೋಗಿರುತ್ತದೆ.

2002ರಲ್ಲಿ ಪೂರ್ಣ ಮಾನಕವಾದ ವಿ3 ಇದಕ್ಕೆ ತಕ್ಕ ಉತ್ತರ. ಬಳಕೆದಾರನ ಹೆಸರು, ದೃಢೀಕರಣ, ಗೂಢಲಿಪಿ ಎಲ್ಲ ಇವೆ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ‘ವ್ಯೂ’. ಟ್ರಾಫಿಕ್ ನೋಡುವ ಸಾಫ್ಟ್‌ವೇರಿಗೆ ಮಾಹಿತಿಯ ಮರದಲ್ಲಿ 1.3.6.1.2.1.2 ಎಂಬ ಇಂಟರ್‌ಫೇಸ್ ಕೊಂಬೆಯನ್ನಷ್ಟೇ ತೋರಿಸಿ, ಉಳಿದ ಮರವನ್ನು ಮರೆಮಾಡಬಹುದು. ಅನುಮತಿ ಎಂದರೆ ಹೀಗಿರಬೇಕು: ಬೇಕಾದಷ್ಟು, ಬೇಕಾದವರಿಗೆ.

ಹಾಗೆಂದು ವಿ3 ನಿರ್ದೋಷಿಯಲ್ಲ. ದೃಢೀಕರಣವೂ ಗೂಢಲಿಪಿಯೂ ಇಲ್ಲದ ‘ನೋಆತ್‌ನೋಪ್ರೈವ್’ ಹಂತಕ್ಕೂ ಅದು ಜಾಗ ಕೊಟ್ಟಿದೆ. ವಿ3 ಎಂಬ ಹೆಸರು ಕಂಡೇ ನಿಶ್ಚಿಂತರಾದವರು ಇಲ್ಲಿ ಮೋಸಹೋಗುತ್ತಾರೆ. ಸಿಸ್ಕೊ ಐಒಎಸ್‌ನಲ್ಲಿ ವ್ಯೂ, ಗ್ರೂಪ್, ಯೂಸರ್ ಎಂದು ಮೂರು ಮೆಟ್ಟಿಲು. ಯೂಸರ್ ಸಾಲು ರನ್ನಿಂಗ್ ಕಾನ್ಫಿಗ್‌ನಲ್ಲಿ ಕಾಣುವುದೇ ಇಲ್ಲ. ಪಾಸ್‌ವರ್ಡಿನ ಕೀಲಿ ಆ ಉಪಕರಣದ ಗುರುತಾದ ಇಂಜಿನ್ ಐಡಿಗೆ ಬೆಸೆದಿರುವುದರಿಂದ, ಆ ಐಡಿ ಬದಲಾದರೆ ಬಳಕೆದಾರರನ್ನು ಮತ್ತೆ ಮೊದಲಿನಿಂದ ಸೃಷ್ಟಿಸಬೇಕು. ರಾತ್ರಿ ಹನ್ನೊಂದಕ್ಕೆ ಕೆಟ್ಟ ಸ್ವಿಚ್ ಬದಲಿಸುವ ಇಂಜಿನಿಯರ್ ವಿ2ಸಿಗೆ ಮರಳುವುದು ಸೋಮಾರಿತನದಿಂದಲ್ಲ, ಈ ತೊಡಕಿನಿಂದ.

ತೊಡಕಿದ್ದರೂ ನನ್ನ ಆಯ್ಕೆ ದೃಢೀಕರಣವೂ ಗೂಢಲಿಪಿಯೂ ಇರುವ ವಿ3ಯ ‘ಆತ್‌ಪ್ರೈವ್’ ಹಂತವೇ, ಜೊತೆಗೆ ಎಸಿಎಲ್. ಹಳೆಯ ಸ್ವಿಚ್ಚಿಗೆ ಅದು ಆಗದಿದ್ದರೆ ಓದುವ ಅನುಮತಿ ಮಾತ್ರ ಕೊಡಿ. ಕಮ್ಯುನಿಟಿ ಸಾಲಿನಲ್ಲಿ ಬರೆಯುವ ಅನುಮತಿಯ ಗುರುತಾದ ‘ಆರ್‌ಡಬ್ಲ್ಯೂ’ ಕಂಡರೆ ಇವತ್ತೇ ತೆಗೆದುಹಾಕಿ.