ಮಿರಜಿನ ತಂಬೂರಿಯನ್ನು ಯಾವ ಕಪಾಟಿನಲ್ಲಿಡೋಣ?

ಮಿರಜಿನಲ್ಲಿ ತಂಬೂರಿ ಮಾಡುವವರ ಅಂಗಡಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಬುರುಡೆಗಳು. ಮಂಗಳವೇಢೆ, ಪಂಢರಪುರದ ಕಡೆಯ ಹೊಲಗಳಿಂದ ಬಂದ ದಪ್ಪ ಒಣಬುರುಡೆಗಳು. ಅವನ್ನು ನೆನೆಸಿ, ಕೊಯ್ದು, ಒಳಗಿನ ತಿರುಳು ಕೆರೆದು, ಮರದ ಕೊರಳು ಕೂಡಿಸಿ, ಮೆರುಗು ಹಚ್ಚಿ, ತಂತಿ ಹೊರುವ ‘ಕುದುರೆ’ ಕೂರಿಸಿ ತಂತಿ ಎಳೆಯುತ್ತಾರೆ. ಕೊನೆಗೆ ತಂತಿಯ ಕೆಳಗೆ ಹತ್ತಿಯ ಒಂದು ನೂಲೆಳೆ ಸರಿಸುತ್ತಾರೆ. ಅದು ಸ್ವಲ್ಪ ಆಚೀಚೆಯಾದರೂ ನಾದ ಸಪ್ಪೆ. ಜಾಗಕ್ಕೆ ಬಂದು ಕೂತರೆ ತಂತಿ ಝೇಂಕರಿಸುತ್ತದೆ. ಆ ಎಳೆಗೆ ಜೀವಾಳ ಅನ್ನುತ್ತೇವೆ. ಝೇಂಕಾರ ಹುಟ್ಟುವಂತೆ ಕುದುರೆಯ ಮೈಯನ್ನು ಉಜ್ಜಿ ಹದಗೊಳಿಸುವ ಕೆಲಸಕ್ಕೆ ಜವಾರಿ.

ಇಷ್ಟನ್ನು ಒಬ್ಬರು ಬರೆದರು ಅಂದುಕೊಳ್ಳಿ. ಈ ಬರಹ ನಾಳೆ ಹುಡುಕುವವರ ಕೈಗೆ ಸಿಗಬೇಕಾದರೆ ಅದನ್ನು ಯಾವ ವರ್ಗದಲ್ಲಿಡಬೇಕು, ಯಾವ ಟ್ಯಾಗ್ ಹಚ್ಚಬೇಕು? ನಮ್ಮಲ್ಲಿ ಈ ಕೆಲಸವನ್ನು ಬರಹ ಮುಗಿದ ಮೇಲೆ ಅವಸರದಲ್ಲಿ ಮಾಡುತ್ತಾರೆ. ‘ಸಂಗೀತ, ಕಲೆ, ಸಂಸ್ಕೃತಿ, ಲೇಖನ’ ಎಂದು ನಾಲ್ಕು ಚೀಟಿ ಅಂಟಿಸಿದರೆ ಮುಗಿಯಿತು. ಸಾವಿರ ಬರಹಗಳಿಗೆ ಹೊಂದುವ ಚೀಟಿ ಯಾವ ಬರಹವನ್ನೂ ಹುಡುಕಿಕೊಡುವುದಿಲ್ಲ. ‘ಜವಾರಿ’ ಎಂದಷ್ಟೇ ಬರೆದು ಬಿಟ್ಟರೂ ಕಷ್ಟವೇ. ಉತ್ತರ ಕರ್ನಾಟಕದಲ್ಲಿ ಜವಾರಿ ಎಂದರೆ ನಾಟಿ ತಳಿ. ಜವಾರಿ ಕೋಳಿ, ಜವಾರಿ ಬೆಂಡೆ, ತಂಬೂರಿ ಎಲ್ಲವೂ ಒಂದೇ ಗುಡ್ಡೆಯಲ್ಲಿ ಬೀಳುತ್ತವೆ.

ವರ್ಗವೆಂದರೆ ಮನೆ, ಟ್ಯಾಗ್ ಎಂದರೆ ನೆಂಟಸ್ತಿಕೆ. ಮನೆ ಒಂದೇ ಇರಬೇಕು, ನೆಂಟರು ಎಷ್ಟು ಊರಲ್ಲಾದರೂ ಇರಬಹುದು. ನಾನು ಒಪ್ಪುವ ನಿಯಮ ಇದು. ಮನೆ ಗಟ್ಟಿಯಾಗಿದ್ದು ನೆಂಟಸ್ತಿಕೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ವಾದ್ಯಗಳ ವರ್ಗೀಕರಣವೇ ಸಾಕ್ಷಿ. ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿದ್ದು ಭರತನ ನಾಟ್ಯಶಾಸ್ತ್ರ. ಶೌರೀಂದ್ರ ಮೋಹನ ಟಾಗೋರರು 1876ರಲ್ಲಿ ಬೆಲ್ಜಿಯಂ ದೊರೆಗೆ ಕಳಿಸಿದ ಭಾರತೀಯ ವಾದ್ಯಗಳು ಬ್ರಸೆಲ್ಸ್‌ನ ಸಂಗ್ರಹಾಲಯ ಸೇರಿದವು. ಅಲ್ಲಿ ವಾದ್ಯಗಳ ಪಟ್ಟಿ ಮಾಡಿದ ಮಾಹಿಯೋನ್‌ಗೆ ಈ ನಾಲ್ಕರ ವಿಂಗಡಣೆ ದಾರಿ ತೋರಿತು. ಅದರ ಮೇಲೆ ಹಾರ್ನ್‌ಬೊಸ್ಟೆಲ್ ಮತ್ತು ಸ್ಯಾಕ್ಸ್ 1914ರಲ್ಲಿ ಅಂಕಿಗಳ ಪದ್ಧತಿ ಕಟ್ಟಿದರು. ಅದರಲ್ಲಿ ಉದ್ದ ಕೊರಳು, ಬಟ್ಟಲ ಹೊಟ್ಟೆಯ ತಂತಿವಾದ್ಯಕ್ಕೆ 321.321. ತಂಬೂರಿಗೂ ಅದೇ, ಸಿತಾರಿಗೂ ಅದೇ. ಕಟ್ಟಡದ ಮಟ್ಟಿಗೆ ಇದು ಸರಿ. ಆದರೆ ಸಿತಾರು ರಾಗ ನುಡಿಸುತ್ತದೆ, ತಂಬೂರಿ ರಾಗಕ್ಕೆ ನೆಲ ಹಾಸುತ್ತದೆ. ಆ ಅಂತರ ಅಂಕಿಯಲ್ಲಿಲ್ಲ.

ಅದನ್ನು ಹೇಳಲು ಬೇಕಾದ ದಾರಿಯನ್ನು ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲೇ ತೋರಿಸಿದ್ದರು. ವಸ್ತುವನ್ನು ಒಂದೇ ಕೊಂಬೆಗೆ ನೇತುಹಾಕುವ ಬದಲು ಅದರ ಮುಖಗಳನ್ನು ಬಿಡಿಸಿ ಬರೆಯಿರಿ ಎಂಬುದು ಅವರ ದ್ವಿಬಿಂದು ವರ್ಗೀಕರಣದ ಜೀವಾಳ. ಮುಖ್ಯ ವಸ್ತು ಯಾವುದು, ಯಾವ ದ್ರವ್ಯದ್ದು, ಯಾವ ಕ್ರಿಯೆ, ಎಲ್ಲಿ, ಯಾವಾಗ? ಈ ಐದು ಪ್ರಶ್ನೆಗಳನ್ನು ಮಿರಜಿನ ಬರಹಕ್ಕೆ ಕೇಳಿ ನೋಡಿ: ತಂಬೂರಿ, ಬುರುಡೆ, ವಾದ್ಯ ತಯಾರಿಕೆ, ಮಿರಜ, ಇಂದು. ಟ್ಯಾಗ್‌ಗಳು ತಾವಾಗಿ ಬಂದು ನಿಂತವು. ‘ಸಂಸ್ಕೃತಿ’ ಎಂಬ ಪದದ ಅಗತ್ಯವೇ ಬೀಳಲಿಲ್ಲ. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ಒಂದು ಸಂಶೋಧನಾ ಕೇಂದ್ರ ಕಟ್ಟಿದ ಈ ಹಿರಿಯರ ಪಾಠವನ್ನು ಗ್ರಂಥಾಲಯದವರಿಗಷ್ಟೇ ಬಿಟ್ಟುಕೊಟ್ಟದ್ದು ನಮ್ಮ ಬರಹಗಾರರ ದೊಡ್ಡ ನಷ್ಟ.

ಮಿರಜಿನ ಪಕ್ಕದ ಸಾಂಗ್ಲಿಯ ವಿಷಯದಲ್ಲಿ ಕನ್ನಡಿಗರಿಗೆ ಆಗಿರುವ ನಷ್ಟ ಇನ್ನೂ ದೊಡ್ಡದು. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ನಾಟಕ ಆಡಿಸಿದರು. ಅದು ‘ಮರಾಠಿ ರಂಗಭೂಮಿ’ ಎಂಬ ವರ್ಗದಲ್ಲಿದೆ, ಇರಬೇಕಾದದ್ದೂ ಅಲ್ಲಿಯೇ. ಆದರೆ ಅದರ ಹಿಂದಿನ ವರ್ಷ ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಯಕ್ಷಗಾನ ಮೇಳ ಸಾಂಗ್ಲಿಗೆ ಬಂದು ಆಟ ಆಡಿತ್ತು. ಅದನ್ನು ಕಂಡ ದೊರೆ ಚಿಂತಾಮಣರಾವ್ ಪಟವರ್ಧನರು ಅಂಥದ್ದನ್ನು ಮರಾಠಿಯಲ್ಲಿ ಮಾಡಲು ಭಾವೆಯವರಿಗೆ ಹೇಳಿದರು. ಕರ್ಕಿ, ಯಕ್ಷಗಾನ ಎಂಬ ಎರಡು ಟ್ಯಾಗ್ ಸೇರಿಸಿದರೆ ಮರಾಠಿಗೆ ಏನೂ ಕಡಿಮೆಯಾಗುವುದಿಲ್ಲ. ಯಕ್ಷಗಾನವನ್ನು ಓದುವ ಹುಡುಗಿಗೆ ಮಾತ್ರ ಸಾಂಗ್ಲಿಯ ಬಾಗಿಲು ತೆರೆಯುತ್ತದೆ.

ಗಾಯಕ ಅಬ್ದುಲ್ ಕರೀಂ ಖಾನರದ್ದೂ ಇದೇ ಕಥೆ. ಅವರ ಘರಾಣೆಯ ಹೆಸರು ಉತ್ತರದ ಕೈರಾನಾ ಊರಿನದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಮಿರಜಿನ ಮೀರಾಸಾಹೇಬ್ ದರ್ಗಾದಲ್ಲಿದೆ. ಅವರ ಹಾಡಿಕೆಯನ್ನು ಮುಂದುವರಿಸಿದವರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಗದಗಿನ ಭೀಮಸೇನ ಜೋಶಿ. ಖಾನ್‌ಸಾಹೇಬರು ತ್ಯಾಗರಾಜರ ಖರಹರಪ್ರಿಯ ಕೃತಿಯನ್ನೂ ಹಾಡಿ ಮುದ್ರಿಸಿದ್ದಾರೆ. ‘ಹಿಂದೂಸ್ತಾನಿ’ ಎಂಬ ಒಂದೇ ಚೀಟಿಯ ಕೆಳಗೆ ಆ ಮುದ್ರಿಕೆಯನ್ನಿಟ್ಟರೆ ತ್ಯಾಗರಾಜರನ್ನು ಹುಡುಕುವವರಿಗೆ ಅದು ಇಲ್ಲದಂತೆಯೇ.

ಹಾಗೆಂದು ಇಪ್ಪತ್ತು ಟ್ಯಾಗ್ ಹಚ್ಚುವುದೂ ತಪ್ಪು. ನಾಲ್ಕೈದು ಸಾಕು; ಅವುಗಳ ಕಾಗುಣಿತ ಮಾತ್ರ ಎಂದೂ ಬದಲಾಗಬಾರದು. ಮಿರಜ, ಮಿರಜ್, ಮೀರಜ್, ಸಾಂಗ್ಲಿ, ಸಾಂಗಲಿ, ತಂಬೂರಿ, ತಂಬೂರ, ತಾನ್‌ಪುರಾ. ಒಂದೇ ಊರು ಮೂರು ಕಡೆ, ಒಂದೇ ವಾದ್ಯ ಮೂರು ಕಡೆ ಚದುರಿಹೋಗುತ್ತದೆ. ಟ್ಯಾಗ್‌ನ ರೂಪ ಯಾವುದೆಂದು ಮೊದಲೇ ತೀರ್ಮಾನಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡವರ ಸಂಗ್ರಹ ಮಾತ್ರ ಹತ್ತು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತದೆ.

2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕ, ಜನ ಜಿಐ ಟ್ಯಾಗ್ ಎನ್ನುವುದು, ಬೇರೆ ಬೇರೆಯಾಗಿ ಸಿಕ್ಕಿತು. 321.321 ಒಂದುಗೂಡಿಸಿದ್ದನ್ನು ಇದು ಬಿಡಿಸಿತು. ನನಗೆ ಈ ಜಿಐ ಪದ್ಧತಿ ಹಿಡಿಸುವುದು ಒಂದು ಕಾರಣಕ್ಕೆ: ಚೀಟಿ ಹಚ್ಚುವ ಮೊದಲು ಅದರ ಅರ್ಥವೇನು, ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂದು ಅದು ಬರೆದುಕೊಡಬೇಕೆನ್ನುತ್ತದೆ. ನಮ್ಮ ಬರಹಗಳ ಟ್ಯಾಗ್‌ಗೂ ಈ ಶಿಸ್ತು ಬೇಕು.

ಸಾಂಗ್ಲಿ-ಮಿರಜಿನ ಬಗ್ಗೆ ಕನ್ನಡದಲ್ಲಿ ಬರೆಯುವವರು, ಹಳೆಯ ಲೇಖನಗಳನ್ನು ಕಾಪಾಡಿಟ್ಟವರು ಈ ವಾರ ಒಮ್ಮೆ ತಮ್ಮ ಕಟ್ಟು ಬಿಚ್ಚಲಿ. ಭಾವೆಯವರ ಹೆಸರಿನ ಮುಂದೆ ಕರ್ಕಿ ಎಂದು ಬರೆಯಲಿ, ಖಾನ್‌ಸಾಹೇಬರ ಹೆಸರಿನ ಮುಂದೆ ಕುಂದಗೋಳ ಎಂದು ಬರೆಯಲಿ.