ಭೂಲೋಕಮಲ್ಲ ಸೋಮೇಶ್ವರನ ಗೃಹಾಂತರ್ವಿನ್ಯಾಸ ವಿಚಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ವಿದ್ವಾಂಸರು ಇದುವರೆಗೆ ತುಂಡುತುಂಡಾಗಿಯೇ ಓದಿರುವರು. ಚಿತ್ರಕಲೆಯ ಇತಿಹಾಸಕಾರರಿಗೆ ಅದು ವಜ್ರಲೇಪದ ಪ್ರಕರಣ. ಸಂಗೀತಜ್ಞರಿಗೆ ಗೀತವಾದ್ಯಗಳ ಆಕರ. ಪಾಕಶಾಸ್ತ್ರಾಸಕ್ತರಿಗೆ ಅನ್ನಭೋಗದ ಅಧ್ಯಾಯ. ಹೀಗೆ ಹಂಚಿಹೋದ ಗ್ರಂಥದಲ್ಲಿ ಯಾರ ಪಾಲಿಗೂ ಬಾರದೆ ಉಳಿದ ವಿಷಯವೊಂದುಂಟು. ಅದು ಮನೆಯ ಒಳಭಾಗವನ್ನು ಅಲ್ಲಿ ವಾಸಿಸುವವನ ಸುಖಕ್ಕೆ ತಕ್ಕಂತೆ ಅಣಿಗೊಳಿಸುವ ಕಲೆ. ಆ ಕಲೆಯ ದೃಷ್ಟಿಯಿಂದ ನೋಡಿದಲ್ಲಿ ಗ್ರಂಥದ ಮೂರನೆಯ ವಿಂಶತಿಯು ಬಿಡಿ ವಿಷಯಗಳ ಸಂತೆಯಲ್ಲ, ಒಂದೇ ಯೋಜನೆಯುಳ್ಳ ರಚನೆಯೆಂಬುದು ಗೋಚರವಾಗುವುದು.

ಗ್ರಂಥಕರ್ತನ ಚರಿತ್ರೆಯು ಸಂಕ್ಷಿಪ್ತವಾದುದು. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು ಕ್ರಿ.ಶ. 1126ರ ಸುಮಾರಿನಲ್ಲಿ ಪಟ್ಟವೇರಿ 1138ರವರೆಗೆ ಆಳಿದನು. ಭೂಲೋಕಮಲ್ಲ, ಸರ್ವಜ್ಞ ಎಂಬವು ಅವನ ಬಿರುದುಗಳು. ಗ್ರಂಥದೊಳಗಣ ಗ್ರಹಗಣಿತಕ್ಕೆ ಶಕವರ್ಷ 1051ನ್ನು ಆಧಾರವಾಗಿ ಹಿಡಿದಿರುವುದರಿಂದ ರಚನಾಕಾಲವು ಕ್ರಿ.ಶ. 1129ರ ಹೊತ್ತಿಗೆ ನಿಲ್ಲುತ್ತದೆ. ಅವನ ಕಾಲದಲ್ಲಿ ವೇಂಗಿಯಲ್ಲಿ ಚಾಲುಕ್ಯರ ಹಿಡಿತವು ಸಡಿಲಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ತಲೆಯೆತ್ತಿದನು. ಆದುದರಿಂದ ರಾಜಕೀಯ ಇತಿಹಾಸಕಾರರು ಈ ಅರಸನಿಗೆ ಅರ್ಧ ಪುಟವನ್ನು ಕೊಟ್ಟು ಮುಂದೆ ಸಾಗುವರು. ರಾಜ್ಯಪ್ರಾಪ್ತಿ, ರಾಜ್ಯಸ್ಥೈರ್ಯ, ಉಪಭೋಗ, ವಿನೋದ, ಕ್ರೀಡೆ ಎಂದು ಐದು ವಿಂಶತಿಗಳನ್ನು ರಚಿಸಿ ಸ್ಥೈರ್ಯವನ್ನು ಉಪಭೋಗಕ್ಕಿಂತ ಮೊದಲಿಟ್ಟವನು ತಾನೇ ಎಂಬುದನ್ನು ಆತನು ನೆನೆದನೋ ಇಲ್ಲವೋ!

ಮೂರನೆಯ ವಿಂಶತಿಯ ಇಪ್ಪತ್ತು ಅಧ್ಯಾಯಗಳಲ್ಲಿ ಮೊದಲನೆಯದೇ ಗೃಹೋಪಭೋಗ. ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಆಸನ, ಚಾಮರ, ಆಸ್ಥಾನ, ಶಯ್ಯೆ, ಧೂಪ ಮೊದಲಾದುವೆಲ್ಲ ಆ ಮನೆಯನ್ನು ಕಟ್ಟಿಯಾದ ಬಳಿಕ ಬರುವುವು. ಪುತ್ರನನ್ನೂ ಸ್ತ್ರೀಯನ್ನೂ ಛತ್ರಚಾಮರಗಳ ಸಾಲಿನಲ್ಲಿ ಎಣಿಸಿರುವುದು ಇಂದಿನ ಓದುಗನಿಗೆ ಹಿತವಾಗದು. ಆದರೆ ಕ್ರಮವು ಸ್ಪಷ್ಟವಾಗಿದೆ. ಗೋಡೆಯಿಂದ ಆರಂಭಿಸಿ, ಪೀಠ ಮಂಚಗಳನ್ನು ಹಾಯ್ದು, ಕೋಣೆಯಲ್ಲಿ ತುಂಬುವ ಪರಿಮಳದವರೆಗೆ ಗ್ರಂಥಕರ್ತನು ನಡೆಯುವನು.

ಚಿತ್ರಪ್ರಕರಣವು ಗೃಹೋಪಭೋಗದ ಅಂಗವೇ ಹೊರತು ಪ್ರತ್ಯೇಕ ಶಾಸ್ತ್ರವಲ್ಲವೆಂಬುದು ಇಲ್ಲಿ ಮುಖ್ಯವಾದ ಅಂಶ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು; ಬೇಕಾದಾಗ ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಿಳಿಯ ಮಣ್ಣಿನೊಡನೆ ಕಲಸಿ ನುಣುಪಾದ ಗೋಡೆಗೆ ಮೂರು ಬಾರಿ ಬಳಿಯಬೇಕು. ಶಂಖದ ಬಿಳುಪು, ಗೈರಿಕ ಮತ್ತು ದರದದ ಕೆಂಪು, ಹರಿತಾಲದ ಹಳದಿ, ಕಾಡಿಗೆಯ ಕಪ್ಪು ಇವು ಮೂಲವರ್ಣಗಳು. ಅನ್ನದ ಗಂಜಿಯಲ್ಲಿ ಕಾಡಿಗೆಯನ್ನು ಅರೆದು ಹೊಸೆದ ವರ್ತಿಕೆಯಿಂದ ರೇಖೆಯನ್ನು ಹಾಕುವುದು. ಕಲಾಚರಿತ್ರಕಾರರು ಇಷ್ಟನ್ನು ಕತ್ತರಿಸಿಕೊಂಡು ಹೋದರು. ಆದರೆ ಗ್ರಂಥದಲ್ಲಿ ಈ ಗೋಡೆಯು ಮನೆಯೊಂದರ ಗೋಡೆ. ಅದರ ಮುಂದೆ ಒಬ್ಬನು ಕುಳಿತಿರುವನು, ಮಲಗುವನು, ತಾಂಬೂಲವನ್ನು ಸ್ವೀಕರಿಸುವನು.

ಹಿಂದಿನ ಶಾಸ್ತ್ರಗಳೊಡನೆ ಹೋಲಿಸಿದರೆ ಸೋಮೇಶ್ವರನ ಹೊಸತನವು ತಿಳಿದೀತು. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಶಯ್ಯಾಸನಲಕ್ಷಣದಲ್ಲಿ ಯಾವ ಮರವು ಶುಭ, ಯಾವುದು ಅಶುಭ, ಅರಸನ ಮಂಚವು 100 ಅಂಗುಲವಿದ್ದರೆ ಇತರರದು ಎಷ್ಟೆಷ್ಟು ಕಡಮೆ ಎಂಬುದನ್ನು ಹೇಳುವನು. ಅಲ್ಲಿ ಮಂಚವಿದೆ, ಮಲಗುವವನ ಮೈಯಿಲ್ಲ. ಸೋಮೇಶ್ವರನ ಶಯ್ಯಾಧ್ಯಾಯದಲ್ಲಿ ಹಂಸಗಳ ಗರಿ, ಬೂರುಗದ ಅರಳೆ, ತಳಿರು, ಹೂ, ಕಡೆಗೆ ನೀರಿನ ಹಾಸಿಗೆ ಕೂಡ ಬರುವುದು. ಒಂದರ ಮೃದುತ್ವವನ್ನೂ ಇನ್ನೊಂದರ ತಂಪನ್ನೂ ಬಲ್ಲವನು ಮಾತ್ರ ಹೀಗೆ ವಿಂಗಡಿಸಬಲ್ಲನು. ಮಾನದಿಂದ ಅನುಭವಕ್ಕೆ ಶಾಸ್ತ್ರವು ತಿರುಗಿದುದು ಇಲ್ಲಿಯೇ ಎಂದರೆ ಅತಿಶಯೋಕ್ತಿಯಾಗದು. ಈತನ ತಂದೆಯ ಆಸ್ಥಾನದಲ್ಲಿಯೇ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದು ಮನೆಯ ಸ್ವಾಮ್ಯವು ಯಾರದೆಂಬುದನ್ನು ನಿರ್ಣಯಿಸಿದನು. ಮಗನು ಆ ಮನೆಯೊಳಗೆ ಹೇಗಿರಬೇಕೆಂಬುದನ್ನು ಹೇಳಿದನು.

ಪಾಶ್ಚಾತ್ಯರಲ್ಲಿ ಒಳಮನೆಯ ವಿನ್ಯಾಸವನ್ನು ಸ್ವತಂತ್ರವೃತ್ತಿಯನ್ನಾಗಿ ಮಾಡಿದ ಮೊದಲಿಗರಲ್ಲಿ ಎಲ್ಸಿ ಡಿ ವುಲ್ಫ್ ಎಂಬಾಕೆಯನ್ನು ಎಣಿಸುವರು. 1907ರಲ್ಲಿ ತೆರೆದ ನ್ಯೂಯಾರ್ಕಿನ ಕಾಲನಿ ಕ್ಲಬ್ಬಿನ ಒಳಾಂಗಣವು ಆಕೆಯ ಕೆಲಸ. ಕತ್ತಲೆಗಟ್ಟಿದ, ಸಾಮಾನು ಕಿಕ್ಕಿರಿದ ಕೋಣೆಗಳನ್ನು ತೆರವುಗೊಳಿಸಿ ಆಕೆಯು ತಿಳಿಬಣ್ಣಗಳನ್ನು ತಂದಳು. ಸೋಮೇಶ್ವರನು ವೃತ್ತಿಗನಲ್ಲ, ಯಜಮಾನ. ಆದುದರಿಂದ ಅವನನ್ನು ಆಕೆಯ ಪೂರ್ವಜನೆಂದು ಕೊಂಡಾಡುವುದು ಭ್ರಾಂತಿ. ಗೋಡೆಯನ್ನು ಬಳಿದ ಚಿತ್ರಕಾರನ, ಮಂಚವನ್ನು ಕಡೆದ ಬಡಗಿಯ ಹೆಸರೊಂದೂ ಗ್ರಂಥದಿಂದ ತಿಳಿಯದು. ಅನುಭೋಗಿಯ ಕಣ್ಣು ತೀಕ್ಷ್ಣ. ಕೈಗಳ ಋಣವನ್ನು ಅದು ಕಾಣದು. ಇದು ಗ್ರಂಥದ ದೊಡ್ಡ ಕೊರತೆ.

ಆ ಅರಮನೆಯಾದರೂ ಉಳಿದಿದ್ದರೆ ಪರೀಕ್ಷಿಸಬಹುದಿತ್ತು. ಬಸವಕಲ್ಯಾಣದ ಕೋಟೆಯಲ್ಲಿ ಈಗ ಕಾಣುವ ಕಟ್ಟಡಗಳು ಬಹುಮಟ್ಟಿಗೆ ಬಹಮನಿ ಮತ್ತು ತರುವಾಯದ ಕಾಲದವು. ಹೀಗಿರುವಾಗ ಗ್ರಂಥಕ್ಕೆ ಪ್ರತ್ಯಕ್ಷ ವ್ಯಾಖ್ಯಾನವನ್ನು ಅರಸುವವರು ಕಲ್ಯಾಣದ ಸುತ್ತಣ ಸೀಮೆಯನ್ನೇ ನೋಡಬೇಕು. ಚಾಲುಕ್ಯರ ಕಾಲದ ಅಳಂದೆ ಸಾಸಿರದ ನಾಡು ಇಂದಿನ ಅಳಂದ ತಾಲ್ಲೂಕಿನ ಸುತ್ತಣದು. ಮಟಕಿಯು ಆ ತಾಲ್ಲೂಕಿನ ಊರು. ಈ ಸೀಮೆಯ ಹಳೆಯ ಮಾಳಿಗೆಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಪಡಸಾಲೆ, ದೀಪದ ಗೂಡು, ತೊಲೆ ಜಂತಿಗಳು ಬೇಸಗೆಯ ಉರಿಯನ್ನು ತಡೆಯುವ ಉಪಾಯಗಳು. ನೀರಿನ ಹಾಸಿಗೆಯ ಉದ್ದೇಶವೂ ಅದೇ. ಅರಸನ ಗ್ರಂಥವು ಒಕ್ಕಲಿಗನ ಮನೆಯ ವಿಷಯದಲ್ಲಿ ಮೌನವಾಗಿದೆ.

‘ಮಾನಸೋಲ್ಲಾಸ’ದ ಮೊದಲ ಸಂಪುಟವು ಬಡೋದೆಯಿಂದ 1925ರಲ್ಲಿಯೂ, ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರಿನಿಂದ ಪೂರ್ವಭಾಗವು ಮೈಸೂರಿನಿಂದ 1926ರಲ್ಲಿಯೂ ಅಚ್ಚಾದುವು. ಬಡೋದೆಯ ಮೂರನೆಯ ಸಂಪುಟವು 1961ರಲ್ಲಿ ಹೊರಬಂದಿತು. ಮೂಲವು ದುರ್ಲಭವಲ್ಲ. ಪಾಠ ಹೇಳುವವರು ಚಿತ್ರಪ್ರಕರಣವನ್ನು ಗೃಹಾಧ್ಯಾಯದಿಂದ ಬೇರ್ಪಡಿಸದೆ ಓದಿಸಬೇಕು. ಅದರ ಪಕ್ಕದಲ್ಲಿ ಅಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ಮನೆಗಳಲ್ಲಿ ಗೋಡೆ, ಗೂಡು, ಮಾಡಗಳಿಗೆ ಇರುವ ದೇಶ್ಯಪದಗಳನ್ನು ಬರೆದಿಡಬೇಕು. ಸಿಮೆಂಟಿನ ಚಾವಣಿಯು ಬಂದ ಮನೆಯಲ್ಲಿ ಜಂತಿಯೆಂಬ ಮಾತಿಗೆ ಕೆಲಸವಿರುವುದಿಲ್ಲ.