ಸದ್ದಿನೊಳಗಿನ ರಾಗ: ‘ಲವ್‌ಲೆಸ್’ ಕೇಳುವವರಿಗೆ

ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ ಆಲ್ಬಂ ಅನ್ನು ಮೊದಲ ಸಲ ಕೇಳುವ ಹಲವರಿಗೆ ಸ್ಪೀಕರ್ ಕೆಟ್ಟಿದೆಯೇನೋ ಎಂಬ ಅನುಮಾನ ಬರುತ್ತದೆ. ಹಾಡುವವರ ದನಿ ಗಿಟಾರುಗಳ ಅಡಿಯಲ್ಲಿ ಹೂತುಹೋಗಿದೆ, ಮಾತು ತಿಳಿಯುವುದಿಲ್ಲ, ಶ್ರುತಿ ನಿಂತಲ್ಲಿ ನಿಲ್ಲುವುದಿಲ್ಲ. ಭಾವಗೀತೆ, ಸಿನಿಮಾ ಹಾಡು ಕೇಳಿ ಬೆಳೆದ ನಮ್ಮ ಕಿವಿ ಮೊದಲು ಹುಡುಕುವುದೇ ಸಾಹಿತ್ಯವನ್ನು. ಈ ಆಲ್ಬಮ್ಮಿನ ಮಟ್ಟಿಗೆ ಆ ಅಭ್ಯಾಸವನ್ನು ಬದಿಗಿಡಿ. ಇಲ್ಲಿ ಕಂಠವೂ ಒಂದು ವಾದ್ಯ. ಇಷ್ಟನ್ನು ಒಪ್ಪಿಕೊಂಡರೆ ಅರ್ಧ ದಾರಿ ಸವೆದಂತೆ.

ತಂಡ ಹುಟ್ಟಿದ್ದು 1983ರಲ್ಲಿ, ಡಬ್ಲಿನ್‌ನಲ್ಲಿ. ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಕೆವಿನ್ ಶೀಲ್ಡ್ಸ್ ಮತ್ತು ಬಿಲಿಂಡಾ ಬುಚರ್ ಗಿಟಾರ್ ಹಿಡಿದು ಹಾಡುತ್ತಿದ್ದರು. ಡೆಬಿ ಗೂಗ್ ಬೇಸ್, ಕಾಲಮ್ ಓ ಕೂಸೋಗ್ ಡ್ರಮ್ಸ್. 1989ರಲ್ಲಿ ಶುರುವಾದ ಧ್ವನಿಮುದ್ರಣ ಸುಮಾರು 19 ಸ್ಟುಡಿಯೋಗಳನ್ನು ಸುತ್ತಿತು. 1991ರ ನವೆಂಬರಿನಲ್ಲಿ ಕ್ರಿಯೇಷನ್ ರೆಕಾರ್ಡ್ಸ್ ಆಲ್ಬಮ್ಮನ್ನು ಹೊರತಂದಿತು. ಇದಕ್ಕೆ ಎರಡೂವರೆ ಲಕ್ಷ ಪೌಂಡ್ ಖರ್ಚಾಗಿ ಕಂಪನಿ ದಿವಾಳಿ ಅಂಚಿಗೆ ಬಂತೆಂಬ ಕಥೆ ಈಗಲೂ ಓಡಾಡುತ್ತದೆ. ಶೀಲ್ಡ್ಸ್ ಆ ಲೆಕ್ಕವನ್ನು ಒಪ್ಪಿಲ್ಲ. ಕೇಳುಗನಿಗೆ ಆ ಕಥೆಯಿಂದ ಏನೂ ಆಗಬೇಕಾಗಿಲ್ಲ.

ಆಗಬೇಕಾದ್ದು ಶೀಲ್ಡ್ಸ್ ಅವರ ಬಲಗೈ ಏನು ಮಾಡುತ್ತಿತ್ತು ಎಂಬುದು. ಅವರು ನುಡಿಸುತ್ತಿದ್ದುದು ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್, ಜಾಗ್ವಾರ್ ಬಗೆಯ ಗಿಟಾರುಗಳು. ಅವುಗಳಲ್ಲಿ ತಂತಿಯ ಬಿಗಿಯನ್ನು ಏರಿಳಿಸುವ ಒಂದು ಲೋಹದ ಕಡ್ಡಿ ಇರುತ್ತದೆ, ಟ್ರೆಮೊಲೊ ಆರ್ಮ್. ಬೇರೆಯವರು ಅಪರೂಪಕ್ಕೊಮ್ಮೆ ಅದನ್ನು ಒತ್ತಿ ಬಿಡುತ್ತಾರೆ. ಶೀಲ್ಡ್ಸ್ ಅದನ್ನು ಕೈಯಲ್ಲೇ ಹಿಡಿದುಕೊಂಡು ತಂತಿ ಮೀಟಿದರು. ಪ್ರತಿ ಮೀಟಿಗೂ ಇಡೀ ಸ್ವರಗುಚ್ಛ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ವೀಣೆಯಲ್ಲಿ ತಂತಿ ಎಳೆದಾಗ ಒಂದು ಸ್ವರ ಜಾರುವುದನ್ನು ಬಲ್ಲವರು, ಆರೂ ತಂತಿಗಳು ಒಟ್ಟಿಗೆ ಹಾಗೆ ಜಾರುವುದನ್ನು ಊಹಿಸಿಕೊಳ್ಳಬಹುದು. ಇದರ ಮೇಲೆ ಪ್ರತಿಧ್ವನಿಯನ್ನು ಹಿಂದುಮುಂದಾಗಿಸುವ ಉಪಕರಣವನ್ನೂ ಬಳಸಿದರು. ಆಗ ಮೀಟಿದ ಪೆಟ್ಟು ಕರಗಿಹೋಗಿ ನಾದ ಮಾತ್ರ ಉಬ್ಬಿ ಬರುತ್ತದೆ. ನೂರಾರು ಗಿಟಾರುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆಂದು ಜನ ನಂಬಿದ್ದಾರೆ. ಅದು ತಪ್ಪು, ಪದರಗಳು ಕೆಲವೇ ಎಂದು ಶೀಲ್ಡ್ಸ್ ಮತ್ತೆ ಮತ್ತೆ ಹೇಳಿದ್ದಾರೆ. ಇದನ್ನು ತಿಳಿದು ಕೇಳಿದಾಗ ಗೋಡೆಯಂತಿದ್ದ ಸದ್ದು ಒಬ್ಬ ಮನುಷ್ಯನ ಕೈಚಳಕವಾಗಿ ಕೇಳಿಸತೊಡಗುತ್ತದೆ.

ಹನ್ನೊಂದು ಹಾಡು, ಸುಮಾರು 48 ನಿಮಿಷ. ಮೊದಲ ಹಾಡಿನಿಂದ ಶುರುಮಾಡಲೇಬೇಕೆಂದೇನೂ ಇಲ್ಲ. ‘ಸಮ್‌ಟೈಮ್ಸ್’ ಒಳ್ಳೆಯ ಬಾಗಿಲು. ಒರಟು ಗಿಟಾರು ಒಂದೇ ಸಮನೆ ಹರಿಯುತ್ತದೆ, ಡ್ರಮ್ಸ್ ಬಹುತೇಕ ಇಲ್ಲ, ಶೀಲ್ಡ್ಸ್ ಮೆಲ್ಲಗೆ ಹಾಡುತ್ತಾರೆ, ಧಾಟಿ ತಕ್ಷಣ ನೆನಪಿನಲ್ಲಿ ಉಳಿಯುತ್ತದೆ. 2003ರ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಸಿನಿಮಾ ನೋಡಿದವರು ಇದನ್ನು ಆಗಲೇ ಕೇಳಿದ್ದಾರೆ. ಅಲ್ಲಿಂದ ‘ವೆನ್ ಯು ಸ್ಲೀಪ್’ಗೆ ಹೋಗಿ. ಹಾಡುವುದು ಗಂಡೋ ಹೆಣ್ಣೋ ಹೇಳುವುದು ಕಷ್ಟ, ಏಕೆಂದರೆ ಹಲವು ಸಲ ಹಾಡಿದ್ದನ್ನು ಒಟ್ಟಿಗೇ ಕೇಳಿಸಿದ್ದಾರೆ. ಆಮೇಲೆ ‘ಟು ಹಿಯರ್ ನೋಸ್ ವೆನ್’. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಶಿಖರ ಇದೇ, ಹೊಸಬರಿಗೆ ಅತಿ ಕಠಿಣವೂ ಇದೇ. ಇಲ್ಲಿ ತಾಳ ಹಿನ್ನೆಲೆಯಲ್ಲೆಲ್ಲೋ ಮಿಣುಕುತ್ತದೆ, ನೆಲ ಜಾರಿದಂತಾಗುತ್ತದೆ. ಮೊದಲ ಸಲ ಬುಚರ್ ಅವರ ದನಿಯನ್ನಷ್ಟೇ ಹಿಂಬಾಲಿಸಿ. ಎರಡನೆಯ ಸಲ ದನಿಯನ್ನು ಬಿಟ್ಟು ಕೆಳಗಿನ ಬೇಸ್ ಹಿಡಿಯಿರಿ. ಮೂರನೆಯ ಸಲಕ್ಕೆ ಎರಡೂ ಕೂಡಿಕೊಳ್ಳುತ್ತವೆ.

ಕೊನೆಯ ಹಾಡು ‘ಸೂನ್’. ಅದರ ಕೆಳಗೆ ಓಡುವುದು ಕುಣಿತದ ಲಯ. ಸಂಗೀತ ನಿರ್ಮಾಪಕ ಬ್ರಯಾನ್ ಈನೋ ಅಂಥವರೇ ಈ ಹಾಡನ್ನು ಮನಸಾರೆ ಮೆಚ್ಚಿದ್ದರು. ಧ್ವನಿಮುದ್ರಣದ ಹೊತ್ತಿಗೆ ಓ ಕೂಸೋಗ್ ಅನಾರೋಗ್ಯದಿಂದ ಬಳಲುತ್ತಿದ್ದುದರಿಂದ ಬಹುತೇಕ ಹಾಡುಗಳ ಡ್ರಮ್ಸ್ ಅನ್ನು ಅವರದೇ ನುಡಿಸಾಣಿಕೆಯ ತುಣುಕುಗಳಿಂದ ಜೋಡಿಸಲಾಯಿತು. ಲಯ ಒಂದೇ ಹದದಲ್ಲಿ ಸಾಗುತ್ತ ಗಿಟಾರು ಮಾತ್ರ ಓಲಾಡುವುದರ ಹಿಂದೆ ಈ ಕಾರಣವೂ ಇದೆ.

ಆಲ್ಬಂ ಬಂದ ಮೇಲೆ ಕ್ರಿಯೇಷನ್ ತಂಡವನ್ನು ಕೈಬಿಟ್ಟಿತು. ಮುಂದಿನ ಆಲ್ಬಂ ಬಂದದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ‘ಲವ್‌ಲೆಸ್’ ದನಿಯನ್ನು ಗಿಟಾರಿನ ಸದ್ದಿನಲ್ಲಿ ಮುಳುಗಿಸುವ ಶೂಗೇಝ್ ಎಂಬ ಪ್ರಕಾರದ ಅಳತೆಗೋಲಾಯಿತು. ಅದರ ಧ್ವನಿಮುದ್ರಣದಲ್ಲಿ ಎಂಜಿನಿಯರ್ ಆಗಿದ್ದ ಅಲನ್ ಮೋಲ್ಡರ್, ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ತಂಡದ ‘ಸಯಾಮೀಸ್ ಡ್ರೀಮ್’ (1993) ಮಿಕ್ಸ್ ಮಾಡಿದರು. ಆ ಗಿಟಾರುಗಳಲ್ಲಿ ಇದರ ನೆರಳು ಸ್ಪಷ್ಟ. ಅನುಕರಿಸಿದವರು ಎಷ್ಟೋ ಮಂದಿ. ಅವರಲ್ಲಿ ಹೆಚ್ಚಿನವರು ಸದ್ದನ್ನು ತೆಗೆದುಕೊಂಡು ಧಾಟಿಯನ್ನು ಮರೆತರು. ‘ಲವ್‌ಲೆಸ್’ನ ಯಾವ ಹಾಡಿನ ಸದ್ದನ್ನು ಕಳೆದರೂ ಗುನುಗಬಹುದಾದ ಒಂದು ರಾಗ ಉಳಿಯುತ್ತದೆ.

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಒಳ್ಳೆಯ ಹೆಡ್‌ಫೋನ್ ಸಾಕು. ರುಚಿ ಹತ್ತಿದರೆ ಇದೇ ತಂಡದ ‘ಇಸಂಟ್ ಎನಿಥಿಂಗ್’ (1988), ಆಮೇಲೆ ಸ್ಲೋಡೈವ್ ತಂಡದ ‘ಸುವ್ಲಾಕಿ’ (1993) ಕೇಳಿ.